ಕುವೈತ್‌ಗೆ ಹೊರಟ ಗುಳೇದಗುಡ್ಡದ ತಂಗಿಗೆ

ನರ್ಸ್ ಕೆಲಸಕ್ಕೆ ಕುವೈತ್‌ಗೆ ಬರುತ್ತಿದ್ದೀರಿ. ಭಾನುವಾರವೂ ಡ್ಯೂಟಿ ಇರುತ್ತದಂತೆ, ಗುಳೇದಗುಡ್ಡದ ಚರ್ಚ್ ಸಭೆ ಬಿಟ್ಟು ಅಲ್ಲಿ ವಿಶ್ವಾಸ ಉಳಿಸಿಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ನಾನು ಬೆಳಗಾವಿ ಕ್ಯಾಂಪ್ ಕಡೆಯವನು, ಇಲ್ಲಿ ನೆಲೆಯಾಗಿ ಬಹಳ ವರ್ಷವಾಯಿತು.

ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಹಾಗಾಗಿ ಹೆಚ್ಚಿನ ಸಭೆಗಳು ಶುಕ್ರವಾರವೇ ಆರಾಧನೆಗೆ ಸೇರುತ್ತವೆ. ಕುವೈತ್ ನಗರದ ನ್ಯಾಷನಲ್ ಇವ್ಯಾಂಜೆಲಿಕಲ್ ಚರ್ಚ್‌ನ ಒಂದೇ ಕಾಂಪೌಂಡಿನಲ್ಲಿ ಅರಬಿ, ಇಂಗ್ಲಿಷ್, ಮಲಯಾಳ, ತಮಿಳು ಅಂತ ಹತ್ತಾರು ಸಭೆಗಳಿವೆ. ಕನ್ನಡದವರ ಗುಂಪು ಸಿಕ್ಕರೆ ಒಳ್ಳೆಯದೇ. ಸಿಗದಿದ್ದರೆ ಇಂಗ್ಲಿಷ್ ಸಭೆಗೆ ಹೋಗಿ. ಎಲ್ಲಾದರೂ ಒಂದು ಕಡೆ ಹೆಸರು ಬರೆಸಿ ಕೂತುಬಿಡಿ. ಈ ವಾರ ಇಲ್ಲಿ, ಮುಂದಿನ ವಾರ ಅಲ್ಲಿ ಅಂತ ಓಡಾಡಿದರೆ ಜ್ವರ ಬಂದಾಗ ನೋಡಲು ಯಾರೂ ಬರುವುದಿಲ್ಲ. ಕಾಣಿಕೆ ಬಗ್ಗೆಯೇ ಜಾಸ್ತಿ ಮಾತಾಡುವ ಬೋಧಕರಿಂದ ದೂರ ಇರಿ. ನರ್ಸ್‌ಗಳ ಸಂಬಳದ ದಿನ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ!

ಆದರೆ ಚರ್ಚ್ ಹುಡುಕುವುದು ದೊಡ್ಡ ಕಷ್ಟವಲ್ಲ. ನಿಮ್ಮದು 1851ರಲ್ಲಿ ಬಾಸೆಲ್ ಮಿಶನ್ ಅನ್ನುವ ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಂದ ಊರು. ತಲೆಮಾರುಗಳಿಂದ ಒಬ್ಬರಿಗೊಬ್ಬರು ಗೊತ್ತು. ಒಂದು ಭಾನುವಾರ ನೀವು ಕಾಣದಿದ್ದರೆ ಓಣಿಯೆಲ್ಲ ಕೇಳುತ್ತದೆ, ಸಂಜೆ ಸಭಾಪಾಲಕರೇ ಬಾಗಿಲಿಗೆ ಬರುತ್ತಾರೆ. ಇಲ್ಲಿ ವರ್ಷವಿಡೀ ಹೋಗದಿದ್ದರೂ ಕೇಳುವವರಿಲ್ಲ, ಕಷ್ಟ ಇರುವುದೇ ಅಲ್ಲಿ. ದೇವರ ಮೇಲೆ ಸಿಟ್ಟಾಗಿ ಬಿಟ್ಟವರನ್ನು ನಾನು ನೋಡಿದ್ದು ಕಡಿಮೆ. ನೈಟ್ ಡ್ಯೂಟಿ, ನಿದ್ದೆ, ಫೋನು, ಓವರ್‌ಟೈಮ್, ಹೀಗೇ ಸುಮ್ನೆ ಜಾರಿದವರೇ ಜಾಸ್ತಿ.

ಬೈಬಲ್‌ನಲ್ಲಿ ದಾನಿಯೇಲನ ಪುಸ್ತಕದ 6ನೇ ಅಧ್ಯಾಯ ಮತ್ತೊಮ್ಮೆ ಓದಿ. ಸಿಂಹದ ಗವಿಯ ಕಥೆ ಸಂಡೇ ಸ್ಕೂಲ್‌ನಲ್ಲೇ ಕೇಳಿದ್ದೇವೆ, ಅಲ್ವಾ? ನನಗೆ ಅದರ ಹಿಂದಿನ ವಚನಗಳು ಮುಖ್ಯ. ದಾನಿಯೇಲನೂ ಪರದೇಶದಲ್ಲಿ ನೌಕರಿ ಮಾಡಿದವನೇ. ವೈರಿಗಳು ಎಷ್ಟು ಹುಡುಕಿದರೂ ಅವನ ಕೆಲಸದಲ್ಲಿ ತಪ್ಪು ಸಿಗಲಿಲ್ಲ. ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ರಾಜನಿಗೆ ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದು ಅನ್ನುವ ರಾಜಾಜ್ಞೆ ಬಂತು ಅಂತ ಹೊಸದಾಗಿ ಶುರು ಮಾಡಿದ್ದಲ್ಲ ಅದು, ಮೊದಲಿನಿಂದ ಮಾಡುತ್ತಿದ್ದದ್ದೇ. ನೀವೂ ಊರಲ್ಲಿರುವಾಗಲೇ ಒಬ್ಬರೇ ಕೂತು ಪ್ರಾರ್ಥಿಸುವುದನ್ನು ರೂಢಿ ಮಾಡಿಕೊಳ್ಳಿ. ಬೆಳಿಗ್ಗೆ ಐದಕ್ಕೆ ಅಂತ ಗಂಟೆ ಗೊತ್ತು ಮಾಡಬೇಡಿ, ಶಿಫ್ಟ್ ಬದಲಾದ ವಾರವೇ ತಪ್ಪಿಹೋಗುತ್ತದೆ. ಸಮವಸ್ತ್ರ ಹಾಕುವ ಮುಂಚೆ ಅಂತ ಇಟ್ಟುಕೊಳ್ಳಿ. ಶಿಫ್ಟ್ ಯಾವುದಾದರೂ ನಡೆಯುತ್ತದೆ.

ಇನ್ನು ವಾರ್ಡಿನ ಮಾತು. ಕೊಡದ ಔಷಧಿಗೆ ಚಾರ್ಟ್‌ನಲ್ಲಿ ಟಿಕ್ ಹಾಕಬೇಡಿ, ನೋಡದ ಬಿಪಿ ಬರೆಯಬೇಡಿ. ಜೊತೆಯವರು ಬರೆಯುತ್ತಾರೆ, ನಗುತ್ತಾರೆ ಕೂಡ. ನಡುರಾತ್ರಿ ಆ ಚಾರ್ಟ್ ಮುಂದೆ ಕೂತಾಗ ನಂಬಿಗಸ್ತಿಕೆಗೆ ಬೀಳುವ ಪರೀಕ್ಷೆ ಶುಕ್ರವಾರದ ಆರಾಧನೆಯಲ್ಲಿ ಬೀಳುವುದಿಲ್ಲ.

ರೋಗಿಗಳಿಗೆ ಕೈಪತ್ರ ಹಂಚುವ ಉತ್ಸಾಹ ಬೇಡ. ಮುಸ್ಲಿಮರಿಗೆ ಮತಬೋಧನೆ ಮಾಡಲು ಇಲ್ಲಿ ಅವಕಾಶವಿಲ್ಲ. ರಂಜಾನ್ ತಿಂಗಳ ಹಗಲಲ್ಲಿ ಎಲ್ಲರೆದುರು ನೀರು ಕುಡಿದರೂ ಕಾನೂನಿನ ಪ್ರಕಾರ ತಪ್ಪೇ.

ನಿಮ್ಮೂರಲ್ಲಿ 9 ಗಂಟೆ ಆದಾಗ ಇಲ್ಲಿ 6.30. ಡ್ಯೂಟಿ ಇಲ್ಲದ ಭಾನುವಾರ ಮನೆಯವರು ಫೋನ್ ಹಿಡಿದರೆ ಊರಿನ ಆರಾಧನೆ ಕೇಳಬಹುದು. ಕೇಳಿ, ಆದರೆ ಇಲ್ಲಿನ ಸಭೆ ಬಿಡುವುದಕ್ಕೆ ಅದನ್ನೇ ನೆವ ಮಾಡಬೇಡಿ. ಕನ್ನಡ ಬೈಬಲ್, ಹಾಡಿನ ಪುಸ್ತಕ ಒಂದೊಂದು ಪ್ರತಿ ತನ್ನಿ. ಹಾಸ್ಟೆಲ್ ಯಾವ ಏರಿಯಾದಲ್ಲಿ ಅಂತ ಗೊತ್ತಾದ ಮೇಲೆ ತಿಳಿಸಿ, ಹತ್ತಿರದ ಪ್ರಾರ್ಥನಾ ಗುಂಪು ವಿಚಾರಿಸಿ ಹೇಳುತ್ತೇನೆ.