ಅಮೆರಿಕದ ಒಂದು ರಾಜ್ಯದಲ್ಲಿ ಸೇನಾ ಮುಖ್ಯಸ್ಥರನ್ನು ಜನರೇ ವೋಟು ಹಾಕಿ ಆರಿಸುತ್ತಿದ್ದರಂತೆ, ನಿಜವಾ? ಸೈನ್ಯದ ವಿಷಯದಲ್ಲಿ ರಾಜ್ಯ ಕಾನೂನು ಮಾಡೋದು ಹೇಗೆ?

ನಿಜ. ಆದರೆ ಇಡೀ ದೇಶದ ಸೈನ್ಯದ ಮುಖ್ಯಸ್ಥರಲ್ಲ, ರಾಜ್ಯದ ಸ್ವಂತ ಪಡೆಯ ಮುಖ್ಯಸ್ಥರು. ಆ ರಾಜ್ಯ ಸೌತ್ ಕೆರೊಲಿನಾ. ನಾನಿರುವುದು ಅದರ ರಾಜಧಾನಿ ಕೊಲಂಬಿಯಾದಲ್ಲಿ. ಆ ಪದ್ಧತಿ ಇರಬೇಕೋ ಬೇಡವೋ ಅಂತ 2014ರಲ್ಲಿ ಜನರನ್ನು ಕೇಳಿದಾಗ ನಾನೂ ವೋಟು ಹಾಕಿದ್ದೇನೆ.

ಮೊದಲು ನಿಮ್ಮ ಎರಡನೇ ಪ್ರಶ್ನೆ ಮುಗಿಸಿಬಿಡೋಣ. ಭಾರತದಲ್ಲಿ ರಕ್ಷಣೆ ಪೂರ್ತಿ ಕೇಂದ್ರದ ಪಟ್ಟಿಯಲ್ಲಿದೆ. ವಿಧಾನಸೌಧದಲ್ಲಿ ಕೂತು ಸೈನ್ಯದ ಬಗ್ಗೆ ಮಸೂದೆ ತರೋಕಾಗಲ್ಲ. (ಮೈಸೂರು ಸಂಸ್ಥಾನಕ್ಕೆ ಸ್ವಂತ ಪಡೆ ಇತ್ತು. 1918ರಲ್ಲಿ ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ಅನ್ನೋ ಕುದುರೆ ಪಡೆಯ ಸ್ಮಾರಕ ಈಗಲೂ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಆದರೆ ಅದು ಮಹಾರಾಜರ ಕಾಲದ ಮಾತು.) ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿನ ಸಂವಿಧಾನವೇ ರಾಜ್ಯದ ಪಡೆಗೆ ಅಧಿಕಾರಿಗಳನ್ನು ನೇಮಿಸುವ ಹಕ್ಕನ್ನು ರಾಜ್ಯಗಳಿಗೆ ಬಿಟ್ಟಿದೆ. ಇಂದಿನ ನ್ಯಾಷನಲ್ ಗಾರ್ಡ್ ಆ ಹಳೇ ಪಡೆಗಳ ಮುಂದುವರಿಕೆ. ಹೆಚ್ಚಿನವರು ಅರೆಕಾಲಿಕ ಸೈನಿಕರು. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ತರಬೇತಿ. ಉಳಿದ ದಿನ ಬ್ಯಾಂಕು, ಗ್ಯಾರೇಜು, ಶಾಲೆ ಅಂತ ಅವರವರ ಕೆಲಸ.

ಮಾಮೂಲಿ ದಿನಗಳಲ್ಲಿ ಈ ಪಡೆ ಗವರ್ನರ್ ಕೈಕೆಳಗೆ. ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಥರ ಅಲ್ಲ, ಮುಖ್ಯಮಂತ್ರಿ ಥರ. ಅಧ್ಯಕ್ಷರು ಕರೆದರೆ ಮಾತ್ರ ಪಡೆ ಕೇಂದ್ರದ ಕೈಗೆ ಹೋಗುತ್ತೆ. 1957ರಲ್ಲಿ ಲಿಟಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಹೋಗದಂತೆ ತಡೆಯೋಕೆ ಅರ್ಕನ್ಸಾ ಗವರ್ನರ್ ಇದೇ ಗಾರ್ಡ್ ಪಡೆಯನ್ನು ನಿಲ್ಲಿಸಿದ್ದರು. ಅಧ್ಯಕ್ಷ ಐಸೆನ್‌ಹೋವರ್ ಇಡೀ ಪಡೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಒಂದೇ ತಿಂಗಳಲ್ಲಿ ಒಂದೇ ಪಡೆಗೆ ಇಬ್ಬರು ಯಜಮಾನರು!

ಈ ಪಡೆಯ ಮುಖ್ಯಸ್ಥರನ್ನು ಅಡ್ಜುಟೆಂಟ್ ಜನರಲ್ ಅಂತಾರೆ. ಪ್ರತಿ ರಾಜ್ಯಕ್ಕೂ ಒಬ್ಬರಿರಬೇಕು ಅಂತ ಹೇಳೋದು ಕೇಂದ್ರದ ಕಾನೂನು. ಅವರನ್ನು ಯಾರು ಆರಿಸಬೇಕು, ಎಷ್ಟು ವರ್ಷಕ್ಕೆ ಅನ್ನೋದು ರಾಜ್ಯಕ್ಕೆ ಬಿಟ್ಟಿದ್ದು. ಹೆಚ್ಚಿನ ಕಡೆ ಗವರ್ನರ್ ನೇಮಿಸ್ತಾರೆ. ಟೆಕ್ಸಸ್‌ನಲ್ಲಿ ಗವರ್ನರ್ ಹೆಸರು ಸೂಚಿಸಿ, ರಾಜ್ಯ ಸೆನೆಟ್ (ಶಾಸನಸಭೆಯ ಮೇಲ್ಮನೆ) ಒಪ್ಪಿದ ಮೇಲೆ ಎರಡು ವರ್ಷದ ಅವಧಿ.

ನಮ್ಮ ಸೌತ್ ಕೆರೊಲಿನಾದಲ್ಲಿ ಮಾತ್ರ ಈ ಹುದ್ದೆ ಚುನಾವಣೆಗೆ ಬರುತ್ತಿತ್ತು. ಗವರ್ನರ್, ಖಜಾಂಚಿ, ಕೃಷಿ ಕಮಿಷನರ್ ಹೆಸರುಗಳ ಜೊತೆಗೇ ಸೇನಾಧಿಕಾರಿಯ ಹೆಸರು, ಪಕ್ಕದಲ್ಲಿ ಪಕ್ಷ. ಮೊದಲ ಸಲ ಮತಯಂತ್ರದ ಪರದೆಯಲ್ಲಿ ಅದನ್ನು ನೋಡಿ ಬೆರಳು ಅಲ್ಲೇ ನಿಂತಿತು. ಜನರಲ್‌ಗೆ ವೋಟು ಹಾಕೋದು ಯಾವ ಆಧಾರದ ಮೇಲೆ? ನನಗಂತೂ ಗೊತ್ತಿರಲಿಲ್ಲ. ಸುಮ್ನೆ ಒತ್ತಿ ಬಂದೆ.

ಜನರೇ ಆರಿಸಿದರೆ ಒಳ್ಳೇದಲ್ವಾ ಅಂತ ನಿಮಗೂ ಅನ್ನಿಸಬಹುದು. ತೊಂದರೆ ಇರೋದು ಪಡೆಯ ಒಳಗೆ. ನೀವು ಒಬ್ಬ ಕರ್ನಲ್ ಅಂದುಕೊಳ್ಳಿ. ನಿಮ್ಮ ಬಡ್ತಿ ಬಾಸ್ ಕೈಯಲ್ಲಿದೆ. ಬಾಸ್ ಚುನಾವಣೆಗೆ ನಿಂತಿದ್ದಾರೆ, ಪ್ರಚಾರಕ್ಕೆ ದುಡ್ಡು ಬೇಕು. ಅವರು ಬಾಯಿಬಿಟ್ಟು ಕೇಳಬೇಕಾಗಿಲ್ಲ. ನೀವು ಕೊಡದಿದ್ದರೆ ರಾತ್ರಿ ನಿದ್ದೆ ಬರುತ್ತಾ? ಇನ್ನು ನೀವೇ ಅವರ ವಿರುದ್ಧ ನಿಂತು ಸೋತರೆ, ಸೋಮವಾರ ಬೆಳಗ್ಗೆ ಹೋಗಿ ಅವರಿಗೇ ಸೆಲ್ಯೂಟ್ ಹೊಡೀಬೇಕು. ಹೀಗೆ ಆರಿಸಿ ಬಂದಿದ್ದ ಬಾಬ್ ಲಿವಿಂಗ್‌ಸ್ಟನ್ ಅವರೇ ಚುನಾವಣೆ ಬೇಡ ಅನ್ನುವವರ ಪರ ನಿಂತರು.

ಹುದ್ದೆಯ ಹೆಸರು ರಾಜ್ಯದ ಸಂವಿಧಾನದಲ್ಲೇ ಇದ್ದುದರಿಂದ ಬರೀ ಮಸೂದೆ ಸಾಕಾಗಲಿಲ್ಲ, ಜನರ ಒಪ್ಪಿಗೆ ಬೇಕಾಯಿತು. 2014ರ ನವೆಂಬರ್‌ನಲ್ಲಿ ಪರದೆಯಲ್ಲಿ ಎರಡು ತಿದ್ದುಪಡಿ ಪ್ರಶ್ನೆಗಳು ಬಂದವು. ಒಂದು, ದತ್ತಿ ಸಂಸ್ಥೆಗಳು ಲಕ್ಕಿ ಡ್ರಾ ನಡೆಸಬಹುದಾ? ಇನ್ನೊಂದು, ಸೇನಾ ಮುಖ್ಯಸ್ಥರನ್ನು ಸೆನೆಟ್ ಒಪ್ಪಿಗೆ ಪಡೆದು ಗವರ್ನರ್ ನೇಮಿಸಬಹುದಾ? ಲಕ್ಕಿ ಡ್ರಾ ಪಕ್ಕದಲ್ಲಿ ಜನರಲ್! ನನ್ನ ಹಿಂದೆ ಸಾಲು ಬೆಳೆದಿತ್ತು, ನಾನಿನ್ನೂ ಆ ಉದ್ದುದ್ದ ವಾಕ್ಯ ಓದುತ್ತಾ ನಿಂತಿದ್ದೆ. ಎರಡೂ ಪಾಸಾದವು. ಜನರಲ್ ಪ್ರಶ್ನೆಗೆ ಸುಮಾರು ಶೇ. 56ರಷ್ಟು ಜನ ಹೂಂ ಅಂದರು. ನಾನೂ ಹೂಂ ಅಂದೆ.

ನನ್ನ ಹೂಂ ಗವರ್ನರ್ ಮೇಲಿನ ನಂಬಿಕೆಯಿಂದಲ್ಲ. ಗವರ್ನರ್ ತನಗೆ ತಲೆಯಾಡಿಸುವವರನ್ನು ತಂದು ಕೂರಿಸಬಹುದು, ಆ ಭಯ ಇದ್ದೇ ಇದೆ. ಆದರೆ ಮುಖ್ಯಸ್ಥರ ಅರ್ಹತೆ, ಅವಧಿ, ಕೆಲಸ ಏನು ಅಂತ ಶಾಸನಸಭೆ ಕಾನೂನಿನಲ್ಲಿ ಬರೆಯಬೇಕು ಅನ್ನೋ ಮಾತೂ ಅದೇ ತಿದ್ದುಪಡಿಯಲ್ಲಿತ್ತು. ನನಗೆ ಮುಖ್ಯ ಅನ್ನಿಸಿದ್ದು ಅದು. ಯಾರು ಆರಿಸ್ತಾರೆ ಅನ್ನೋದಕ್ಕಿಂತ, ಎಂಥವರೊಳಗಿಂದ ಆರಿಸ್ತಾರೆ ಅನ್ನೋದೇ ಜಾಸ್ತಿ ತೂಕದ್ದು.

ಮರುವರ್ಷ ಅಕ್ಟೋಬರ್‌ನಲ್ಲಿ ಕೊಲಂಬಿಯಾದಲ್ಲಿ ಭಾರಿ ನೆರೆ ಬಂತು. ನಗರಕ್ಕೆ ನೀರು ಕೊಡುವ ಕಾಲುವೆಯ ಏರಿ ಒಡೆಯಿತು. ಗಾರ್ಡ್ ಹೆಲಿಕಾಪ್ಟರ್‌ಗಳು ದೊಡ್ಡ ದೊಡ್ಡ ಮರಳಿನ ಮೂಟೆ ತಂದು ಅಲ್ಲಿ ಇಳಿಸುತ್ತಿದ್ದವು. ನಾವು ದಿನಗಟ್ಟಲೆ ನೀರು ಕಾಯಿಸಿ ಕುಡಿದೆವು, ಅಕ್ಕಿ ತೊಳೆಯೋಕೂ ಬಾಟಲಿ ನೀರು. ಆಗಲೂ ಲಿವಿಂಗ್‌ಸ್ಟನ್ ಅವರೇ ಮುಖ್ಯಸ್ಥರು. ಕೆಲಸ ಚೆನ್ನಾಗೇ ನಡೀತು. ಅಂದ್ರೆ ಚುನಾವಣೆಯಲ್ಲಿ ಬಂದವರೆಲ್ಲ ಕೈಲಾಗದವರು ಅಂತ ನಾನು ಹೇಳ್ತಿಲ್ಲ.

ಇನ್ನೊಂದು ವಿಚಿತ್ರ ವರ್ಮಾಂಟ್‌ನದು. ಅಲ್ಲಿ ಗವರ್ನರೂ ನೇಮಿಸಲ್ಲ, ಜನರೂ ಆರಿಸಲ್ಲ. ಎರಡು ವರ್ಷಕ್ಕೊಮ್ಮೆ ಎರಡೂ ಸದನದ 180 ಶಾಸಕರು ಒಟ್ಟಿಗೆ ಸೇರಿ ಗುಪ್ತ ಮತದಾನ ಮಾಡ್ತಾರೆ. ಹೀಗೆ ಮಾಡೋ ರಾಜ್ಯ ಅದೊಂದೇ. ಹುದ್ದೆ ಬೇಕಾದವರು ಶಾಸಕರ ಹತ್ತಿರ ಹೋಗಿ ಬೆಂಬಲ ಕೇಳಬೇಕು.

ನಮ್ಮ ಸೌತ್ ಕೆರೊಲಿನಾದಲ್ಲಿ ಹೊಸ ಪದ್ಧತಿಯಲ್ಲಿ ಮೊದಲು ನೇಮಕವಾದವರು ವ್ಯಾನ್ ಮೆಕಾರ್ಟಿ, 2019ರಲ್ಲಿ. ಅದಕ್ಕೂ ಮೊದಲು, 2018ರ ನವೆಂಬರ್‌ನಲ್ಲಿ ವೋಟು ಹಾಕೋಕೆ ಹೋದಾಗ ಪರದೆಯಲ್ಲಿ ಜನರಲ್ ಸಾಲೇ ಇರಲಿಲ್ಲ. ಅದರ ಬದಲು, ಶಾಲಾ ಶಿಕ್ಷಣದ ಮುಖ್ಯಸ್ಥರನ್ನೂ ಗವರ್ನರ್ ನೇಮಿಸಲಾ ಅಂತ ಕೇಳಿದ್ದರು. ಅದಕ್ಕೆ ಜನ ಖಡಾಖಂಡಿತವಾಗಿ ಬೇಡ ಅಂದರು.