ಊರಿನ ಹೆಸರಿಗೆ ಟೆಕ್ಸ್ಟ್ ಬಾಕ್ಸ್ ಬೇಡ, ಕಾಂಬೊ ಬಾಕ್ಸ್ ಇರಲಿ

ಕೋಲಾರದ ಟೊಮೆಟೊ ಮಂಡಿಯ ಆವಕವನ್ನು ಮೈಕ್ರೋಸಾಫ್ಟ್‌ನ ದತ್ತಾಂಶ ತಂತ್ರಾಂಶವಾದ ಆಕ್ಸೆಸ್‌ನಲ್ಲಿ ದಾಖಲಿಸುತ್ತಿದ್ದೀರಿ, ಆದರೆ ತಾಲ್ಲೂಕುವಾರು ವರದಿಯಲ್ಲಿ ಒಂದೇ ಊರು ಮೂರು ಸಾಲುಗಳಾಗಿ ಬರುತ್ತಿದೆ ಎಂದು ಕೇಳಿದ್ದೀರಿ. ದೋಷ ವರದಿಯದ್ದಲ್ಲ, ವಿವರ ತುಂಬುವ ಫಾರಂನದ್ದು. ಏನನ್ನಾದರೂ ಟೈಪ್ ಮಾಡಬಹುದಾದ ಟೆಕ್ಸ್ಟ್ ಬಾಕ್ಸ್ ಕೊಟ್ಟರೆ ಒಬ್ಬರು ‘ಮುಳಬಾಗಿಲು’ ಎಂದೂ ಇನ್ನೊಬ್ಬರು ‘ಮುಳಬಾಗಲು’ ಎಂದೂ ಬರೆಯುತ್ತಾರೆ. ತಂತ್ರಾಂಶಕ್ಕೆ ಅವು ಬೇರೆ ಬೇರೆ ಊರುಗಳೇ.

ತಾಲ್ಲೂಕುಗಳಿಗೆ ಪ್ರತ್ಯೇಕ ಟೇಬಲ್ ಮಾಡಿ, ಮೊದಲ ಕಾಲಂನಲ್ಲಿ ಸಂಕೇತ ಸಂಖ್ಯೆ, ಎರಡನೆಯದರಲ್ಲಿ ಹೆಸರು ಇಡಿ. ನಂತರ ಫಾರಂನಲ್ಲಿ ಕಾಂಬೊ ಬಾಕ್ಸ್ (ಪಟ್ಟಿಯಿಂದ ಆರಿಸುವ ಬಾಕ್ಸ್) ಹಾಕಿ, ರೋ ಸೋರ್ಸ್‌ಗೆ (ಪಟ್ಟಿ ಬರುವ ಮೂಲ) ಆ ಟೇಬಲ್ಲನ್ನು ಕೊಟ್ಟು, ಕಾಲಂ ಕೌಂಟ್ 2, ಬೌಂಡ್ ಕಾಲಂ (ದಾಖಲಾಗುವ ಕಾಲಂ) 1 ಎಂದು ನಮೂದಿಸಿ, ಮೊದಲ ಕಾಲಂನ ಅಗಲವನ್ನು 0 ಮಾಡಿದರೆ ಬಳಕೆದಾರರಿಗೆ ಹೆಸರು ಮಾತ್ರ ಕಾಣುತ್ತದೆ, ಆವಕದ ಟೇಬಲ್‌ನಲ್ಲಿ ಸಂಖ್ಯೆ ಉಳಿಯುತ್ತದೆ. ಆ ಟೇಬಲ್‌ನ ತಾಲ್ಲೂಕು ಫೀಲ್ಡ್ ಕೂಡ ಸಂಖ್ಯೆಯ ಮಾದರಿಯದ್ದೇ ಆಗಿರಬೇಕು. ‘ಲಿಮಿಟ್ ಟು ಲಿಸ್ಟ್’ ಎಂಬಲ್ಲಿ ‘ಯೆಸ್’ ಇರಲಿ. ಆಗ ಪಟ್ಟಿಯಲ್ಲಿಲ್ಲದ ಹೆಸರನ್ನು ಫಾರಂ ಒಪ್ಪುವುದಿಲ್ಲ. ಹಳೆಯ ದಾಖಲೆಗಳನ್ನು ಮಾತ್ರ ಒಮ್ಮೆ ಸರಿಪಡಿಸಲೇಬೇಕು, ಅದಕ್ಕೆ ಅಪ್‌ಡೇಟ್ ಕ್ವೆರಿ (ಅನೇಕ ದಾಖಲೆಗಳನ್ನು ಒಟ್ಟಿಗೆ ಬದಲಿಸುವ ಆದೇಶ) ಬಳಸಬಹುದು.

ದಿನಾಂಕದ ಡೀಫಾಲ್ಟ್ ವ್ಯಾಲ್ಯೂಗೆ ಇಂದಿನ ದಿನಾಂಕದ ಫಂಕ್ಷನ್ ಕೊಡಿ. ಟೊಮೆಟೊ ಬಾಕ್ಸ್‌ಗಳ ಸಂಖ್ಯೆ ಮತ್ತು ದರವನ್ನು ಗುಣಿಸಿ ಬರುವ ಮೊತ್ತವನ್ನು ಟೇಬಲ್‌ನಲ್ಲಿ ಕೂಡಿಡಬೇಡಿ. ಫಾರಂನಲ್ಲಿ ಮೊತ್ತಕ್ಕೆ ಒಂದು ಟೆಕ್ಸ್ಟ್ ಬಾಕ್ಸ್ ಇಟ್ಟು, ಅದರ ಕಂಟ್ರೋಲ್ ಸೋರ್ಸ್‌ನಲ್ಲಿ ಸಮ ಚಿಹ್ನೆಯಿಂದ ಶುರುವಾಗುವ ಸೂತ್ರ ಬರೆದರೆ ಸಾಕು, ಮೊತ್ತ ತಾನೇ ಕಾಣುತ್ತದೆ, ಯಾರೂ ಅದನ್ನು ತಿದ್ದಲಾರರು.

ಕೊನೆಯದಾಗಿ ಟ್ಯಾಬ್ ಆರ್ಡರ್ (ಟ್ಯಾಬ್ ಕೀ ಒತ್ತಿದಾಗ ಕರ್ಸರ್ ಸಾಗುವ ಕ್ರಮ) ನೋಡಿ. ಹರಾಜಿನ ಚೀಟಿಯಲ್ಲಿ ವಿವರಗಳು ಬರುವ ಕ್ರಮದಲ್ಲೇ ಕರ್ಸರ್ ಸಾಗಬೇಕು. ನಾನು ಒಂದು ಮಂಡಿಗೆ ಫಾರಂ ಮಾಡಿಕೊಟ್ಟಾಗ ಇದನ್ನು ಮರೆತು, ದರದ ಜಾಗದಲ್ಲಿ ಬಾಕ್ಸ್‌ಗಳ ಸಂಖ್ಯೆ ಕೂತು, ಅರ್ಧ ದಿನದ ಲೆಕ್ಕ ಕೆಟ್ಟಿತ್ತು.