ಕ್ಯಾಮ್ರಿಯೋ ಅಕಾರ್ಡೋ ಎಂದು ಕೇಳಿದ್ದೀರಿ

ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ಗೆ ಬಂದು ಮೂರು ವಾರವಾಯಿತು, ಜೊತೆಗೆ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು. ಟೊಯೋಟಾ ಕ್ಯಾಮ್ರಿ ಕೊಳ್ಳುವುದೋ ಹೋಂಡಾ ಅಕಾರ್ಡ್ ಕೊಳ್ಳುವುದೋ ಎಂಬುದು ನಿಮ್ಮ ಪ್ರಶ್ನೆ. ಹಿಮದ ಟೈರು, ಮಗುವಿನ ಸೀಟು ಎಂದೂ ಕೇಳಿದ್ದೀರಿ. ಟೈರಿನ ಚಿಂತೆ ಅಕ್ಟೋಬರ್‌ವರೆಗೆ ಬೇಡ. ಸೀಟು ಮಾತ್ರ ಬೇಕೇ ಬೇಕು. ಅಜ್ಜಿಯ ತೊಡೆಯ ಮೇಲೆ ಕೂತು ಧರ್ಮಸ್ಥಳಕ್ಕೆ ಹೋಗಿಬಂದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಾನು ಅಕಾರ್ಡ್ ಪಕ್ಷದವನು. ಅಮೆರಿಕದಲ್ಲಿ ತಯಾರಾದ ಮೊದಲ ಅಕಾರ್ಡ್ 1982ರಲ್ಲಿ ಹೊರಬಂದದ್ದು ಇಲ್ಲೇ ಹತ್ತಿರದ ಮೇರಿಸ್‌ವಿಲ್‌ನಿಂದ. ಕ್ಯಾಮ್ರಿ ಪಕ್ಕದ ಕೆಂಟುಕಿ ರಾಜ್ಯದ್ದು. ‘ನಮ್ಮ ಬಿಡದಿಯಲ್ಲೂ ಜೋಡಿಸುತ್ತಾರಲ್ಲ, ಹಾಗಾದರೆ ಅದೇ ನಮ್ಮೂರಿನದು’ ಎನ್ನುತ್ತಾಳೆ ನನ್ನ ಹೆಂಡತಿ. ಇಲ್ಲಿ 2025ರ ಮಾದರಿಯಿಂದ ಕ್ಯಾಮ್ರಿ ಹೈಬ್ರಿಡ್‌ನಲ್ಲಿ ಮಾತ್ರ ಸಿಗುತ್ತದೆ. ಬೇಕೆಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಮಾದರಿಯೂ ಇದೆ. ಅಕಾರ್ಡ್‌ನಲ್ಲಿ ಮುಂದಿನ ಚಕ್ರಗಳಿಗಷ್ಟೇ. ಆದರೆ ಅದರ ಡಿಕ್ಕಿ ದೊಡ್ಡದು, 16.7 ಘನ ಅಡಿ, ಕ್ಯಾಮ್ರಿಯದು 15.1. ಅಪ್ಪ ಅಮ್ಮ ಉಪ್ಪಿನಕಾಯಿ, ಚಟ್ನಿಪುಡಿ ತುಂಬಿಕೊಂಡು ವಿಮಾನ ಇಳಿದಾಗ ಈ ವ್ಯತ್ಯಾಸ ತಿಳಿಯುತ್ತದೆ. ಎರಡರಲ್ಲಿ ಯಾವುದನ್ನು ಕೊಂಡರೂ ನೀವು ಕೆಡುವುದಿಲ್ಲ. ಕೆಡುವುದು ಕೊಳ್ಳುವ ಮೇಜಿನ ಮುಂದೆ.

2004ರಲ್ಲಿ ನಾನು ಕೂತಿದ್ದು ಅಂಥದ್ದೊಂದು ಮೇಜಿನ ಮುಂದೆ. ಮೂರು ವರ್ಷ ಹಳೆಯ, ಬೂದು ಬಣ್ಣದ ಅಕಾರ್ಡ್. ಬೆಲೆಯ ಚೀಟಿ 13,000 ಡಾಲರ್. ಮಾರುವವನು ಹಾಳೆಯ ಮೇಲೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದು ನಾಲ್ಕು ಮನೆ ಮಾಡಿದ. ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂದ. ಮುನ್ನೂರು ಎಂದೆ. ಒಳಗೆ ಹೋದ, ಕಾಫಿ ತಂದುಕೊಟ್ಟ, 299ಕ್ಕೆ ಒಪ್ಪಿಸಿದೆ ಎಂದ. ಗೆದ್ದೆ ಅಂದುಕೊಂಡು ಸಹಿ ಹಾಕಿದೆ. ತೆರಿಗೆ, ಶುಲ್ಕ ಸೇರಿ ಸಾಲ 14,500 ಆಗಿತ್ತು. ಈ ದೇಶದಲ್ಲಿ ನನಗೆ ಸಾಲದ ಚರಿತ್ರೆಯೇ ಇರಲಿಲ್ಲವಾದ್ದರಿಂದ ಬಡ್ಡಿ ಶೇ 14, ಕಂತು 72.

ಆದ್ದರಿಂದ ಮೊದಲು ಒಂದು ಕ್ರೆಡಿಟ್ ಯೂನಿಯನ್‌ಗೆ, ಅಂದರೆ ನಮ್ಮ ಸಹಕಾರಿ ಬ್ಯಾಂಕಿನಂಥದ್ದಕ್ಕೆ, ಹೋಗಿ ಸಾಲದ ಮಂಜೂರಾತಿ ಪತ್ರ ಹಿಡಿದುಕೊಳ್ಳಿ. ಅಂಗಡಿಯಲ್ಲಿ ಕಂತಿನ ಮಾತೆತ್ತಿದರೆ ‘ಎಲ್ಲ ಸೇರಿ ಎಷ್ಟು?’ ಎಂದಷ್ಟೇ ಕೇಳುತ್ತಿರಿ. ಹೇಳದಿದ್ದರೆ ಎದ್ದು ಬನ್ನಿ; ಕಾಫಿ ಕುಡಿದ ದಾಕ್ಷಿಣ್ಯ ಬೇಡ.

ಅಂದು ಸಂಜೆ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಚಕ್ರಗಳಡಿ ನಿಂಬೆಹಣ್ಣಿಟ್ಟು ಕಾರನ್ನು ಮುಂದಕ್ಕೆ ಬಿಟ್ಟೆ. ಚನ್ನಗಿರಿಗೆ ಫೋನು ಮಾಡಿದೆ. ಅಪ್ಪ ಅಡಿಕೆ ವ್ಯಾಪಾರದವರು. ‘ಒಟ್ಟು ಎಷ್ಟಾಯಿತು?’ ಎಂದರು. ತಿಂಗಳಿಗೆ 299 ಎಂದೆ. ‘ನಾನು ಕೇಳಿದ್ದು ಅದಲ್ಲ’ ಎಂದರು. ಫೋನು ಕಿವಿಗೆ ಒತ್ತಿಕೊಂಡೇ ಮೊದಲ ಸಲ ಗುಣಿಸಿದೆ: 21,528. ಬಾಯಲ್ಲಿ ಹದಿಮೂರು ಸಾವಿರ ಎಂದೆ. ಒಳ್ಳೆಯ ವ್ಯಾಪಾರ ಎಂದರು ಅವರು. ಮರುದಿನ ಮಂಡಿಯಲ್ಲಿ ಕೂತವರಿಗೆಲ್ಲ ಅದೇ ಬೆಲೆ ಹೇಳಿದ್ದರಂತೆ.